ಹಸಿರು ‘ಹರಿದ್ವರ್ಣ’ವಾದಾಗ: ಮೊದಲ ವರ್ಷದ ನಕಲಿನ ಒಳಗೇನಿದೆ?

ಮಣ್ಣಿನ ಸವಕಳಿಯ ಮೇಲೆ ಆರು ಪುಟದ ಅಸೈನ್‌ಮೆಂಟ್. ಬರೆದವಳು ಪದವಿಗೆ ಸೇರಿ ಮೂರು ತಿಂಗಳಾಗಿದ್ದ ಹುಡುಗಿ. ಎರಡನೇ ಪುಟದ ನಡುವೆ ‘ಹರಿದ್ವರ್ಣ ಹೊದಿಕೆ ಇಲ್ಲದ ಇಳುಕಲಿನಲ್ಲಿ’ ಎಂಬ ಮಾತು ಸಿಕ್ಕಿತು. ಓದುತ್ತಿದ್ದವನು ಅಲ್ಲೇ ತಡೆದು ನಿಂತೆ. ಮಾತಾಡುವಾಗ ‘ಮಳೆ ಜೋರಾಗಿ ಬಂದ್ರೆ’ ಎನ್ನುವ ಹುಡುಗಿ ಬರೆಯುವಾಗ ‘ವೃಷ್ಟಿಯ ವೇಗ’ ಎಂದಿದ್ದಳು. ಮೂಲ ಹುಡುಕಲು ಎರಡು ನಿಮಿಷವೂ ಹಿಡಿಯಲಿಲ್ಲ.

ಮೂಲದಲ್ಲಿ ಹೆಚ್ಚುಕಡಿಮೆ ಹೀಗಿತ್ತು: ‘ಮಣ್ಣಿನ ಸವಕಳಿಗೆ ಮಳೆಯ ಪ್ರಮಾಣಕ್ಕಿಂತ ಮಳೆಯ ರಭಸವೇ ಹೆಚ್ಚು ಕಾರಣ, ಹಸಿರು ಹೊದಿಕೆ ಇಲ್ಲದ ಇಳಿಜಾರಿನಲ್ಲಿ ಮೇಲ್ಮಣ್ಣು ಒಂದೇ ಬಿರುಮಳೆಗೆ ಕೊಚ್ಚಿಹೋಗಬಹುದು.’

ಅವಳ ಪುಟದಲ್ಲಿ: ‘ಭೂಮಿಯ ಸವೆತಕ್ಕೆ ವೃಷ್ಟಿಯ ಮೊತ್ತಕ್ಕಿಂತ ವೃಷ್ಟಿಯ ವೇಗವೇ ಅಧಿಕ ಕಾರಣ, ಹರಿದ್ವರ್ಣ ಹೊದಿಕೆ ಇಲ್ಲದ ಇಳುಕಲಿನಲ್ಲಿ ಮೇಲಿನ ಮಣ್ಣು ಒಂದೇ ದೊಡ್ಡ ಮಳೆಗೆ ತೊಳೆದುಹೋಗಬಹುದು.’

ವಾಕ್ಯದ ಎಲುಬು ಹಾಗೇ ಇದೆ, ಮೇಲಿನ ಬಟ್ಟೆ ಮಾತ್ರ ಬೇರೆ. ಅಲ್ಪವಿರಾಮ ಕೂಡ ಇದ್ದಲ್ಲೇ ಇದೆ. ಆಕರದ ಹೆಸರು ಎಲ್ಲೂ ಇಲ್ಲ. ನಿಯಮದ ಪುಸ್ತಕ ತೆರೆದರೆ ಇದು ಕೃತಿಚೌರ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಎಷ್ಟು ಹೊತ್ತು ನೋಡಿದರೂ ನನಗೆ ಕಳ್ಳಿಯೊಬ್ಬಳು ಕಾಣಲಿಲ್ಲ. ಒಂದೊಂದು ಪದಕ್ಕೂ ಪರ್ಯಾಯ ಹುಡುಕಿ, ಕೂಡಿಸಿ, ಒಂದು ಸಂಜೆಯನ್ನೇ ಅದಕ್ಕೆ ಕೊಟ್ಟಿದ್ದವಳು ಕಂಡಳು. ಕದಿಯುವವರು ಇಷ್ಟು ಕಷ್ಟಪಡುವುದಿಲ್ಲ.

ಈ ಬಗೆಯ ಬರಹಕ್ಕೆ ಇಂಗ್ಲಿಷಿನಲ್ಲಿ ‘ಪ್ಯಾಚ್‌ರೈಟಿಂಗ್’ ಎಂಬ ಹೆಸರಿದೆ. ಬರವಣಿಗೆಯ ಬೋಧನೆಯನ್ನು ಅಧ್ಯಯನ ಮಾಡಿದ ಅಮೆರಿಕದ ರೆಬೆಕಾ ಮೂರ್ ಹೊವಾರ್ಡ್ 1990ರ ದಶಕದ ಆರಂಭದಲ್ಲಿ ಅದನ್ನು ಬಳಕೆಗೆ ತಂದರು. ಕನ್ನಡದಲ್ಲಿ ತೇಪೆ ಬರಹ ಎನ್ನೋಣ. ಮೂಲದ ವಾಕ್ಯವನ್ನು ಎದುರಿಗಿಟ್ಟುಕೊಂಡು ಅಲ್ಲೊಂದು ಪದ ಕಿತ್ತು, ಇಲ್ಲೊಂದು ಸಮಾನಾರ್ಥಕ ಹಾಕಿ, ಕ್ರಿಯಾಪದದ ರೂಪ ತಿರುಗಿಸಿ ಸಿದ್ಧಪಡಿಸಿದ್ದು. (ಹೊವಾರ್ಡ್ ಕೊಟ್ಟ ವ್ಯಾಖ್ಯೆಯನ್ನು ತೇಪೆ ಹಾಕದೆ ನನ್ನ ಮಾತಲ್ಲಿ ಹೇಳಲು ನಾನೂ ಎರಡು ಸಲ ಬರೆದು ಅಳಿಸಬೇಕಾಯಿತು.) ಹೊವಾರ್ಡ್ ವಾದ ಸರಳ. ಹೊಸ ವಿಷಯಕ್ಕೆ, ಅದರ ಹೊಸ ಭಾಷೆಗೆ ಈಗಷ್ಟೇ ಕಾಲಿಟ್ಟವರು ಆ ಭಾಷೆಯನ್ನು ಕಲಿಯುವ ದಾರಿಯಲ್ಲಿ ತೇಪೆ ಬರಹ ಒಂದು ಹಂತ. ಅದನ್ನು ಮೋಸದ ಪಟ್ಟಿಗೆ ಸೇರಿಸಿ ಶಿಕ್ಷೆ ಕೊಟ್ಟರೆ ಕಲಿಯುವ ದಾರಿಯನ್ನೇ ಮುಚ್ಚಿದಂತೆ. ಎಲ್ಲರೂ ಇದನ್ನು ಒಪ್ಪಿಲ್ಲ. ನಾನು ಮುಕ್ಕಾಲು ಪಾಲು ಒಪ್ಪುತ್ತೇನೆ, ಉಳಿದ ಕಾಲು ಪಾಲಿನ ಮಾತು ಮುಂದೆ ಬರುತ್ತದೆ.

‘ಕೃತಿಚೌರ್ಯ’ ಎಂಬ ಪದವೇ ತೀರ್ಪನ್ನು ಹೊಟ್ಟೆಯಲ್ಲಿಟ್ಟುಕೊಂಡು ಬರುತ್ತದೆ. ಇಂಗ್ಲಿಷಿನ ‘ಪ್ಲೇಜಿಯರಿಸಂ’ ಇನ್ನೂ ಕಠೋರ. ಅದರ ಬೇರಿನಲ್ಲಿರುವ ಲ್ಯಾಟಿನ್ ‘ಪ್ಲಾಜಿಯಾರಿಯಸ್’ ಎಂದರೆ ಮನುಷ್ಯರನ್ನು ಕದ್ದೊಯ್ಯುವವನು, ಅನ್ಯರ ಗುಲಾಮನನ್ನು ಎತ್ತಿಕೊಂಡು ಹೋಗುವವನು. ಕ್ರಿ.ಶ. ಒಂದನೇ ಶತಮಾನದ ರೋಮನ್ ಕವಿ ಮಾರ್ಷಿಯಲ್ ತಾನು ಬರೆದ ಪದ್ಯಗಳನ್ನು ತಮ್ಮವೇ ಎಂಬಂತೆ ಓದುತ್ತಿದ್ದ ಇನ್ನೊಬ್ಬನನ್ನು ಈ ಪದದಿಂದ ಬೈದ. ಬೈಗುಳವಾಗಿ ಹುಟ್ಟಿದ ಪದ ಎರಡು ಸಾವಿರ ವರ್ಷಗಳಾದ ಮೇಲೆ ಹದಿನೆಂಟರ ಹುಡುಗ ಹುಡುಗಿಯರ ಅಸೈನ್‌ಮೆಂಟಿನ ಮೇಲೆ ಮುದ್ರೆಯಾಗಿ ಬೀಳುತ್ತಿದೆ. 2011ರಲ್ಲಿ ಜರ್ಮನಿಯ ರಕ್ಷಣಾ ಸಚಿವ ಕಾರ್ಲ್-ಥಿಯೊಡೋರ್ ಸು ಗುಟೆನ್‌ಬರ್ಗ್ ಡಾಕ್ಟರೇಟ್ ಪ್ರಬಂಧದ ನಕಲಿನಿಂದ ಪದವಿ ಕಳೆದುಕೊಂಡು ರಾಜೀನಾಮೆ ಕೊಟ್ಟರು. ಮರುವರ್ಷ ಹಂಗೆರಿಯ ಅಧ್ಯಕ್ಷ ಪಾಲ್ ಶ್ಮಿಟ್ ಅದೇ ದಾರಿ ಹಿಡಿದರು. ಅವರ ತಪ್ಪಿಗೂ ನಮ್ಮ ಹುಡುಗಿಯ ತಪ್ಪಿಗೂ ಇರುವುದು ಒಂದೇ ಹೆಸರು. ಅಲ್ಲಿಂದಲೇ ಗೊಂದಲ ಶುರು.

ಮೊದಲ ವರ್ಷವನ್ನೇ ಬೇರೆಯಾಗಿ ನೋಡಬೇಕಾದ್ದು ಇದಕ್ಕೇ. ಹನ್ನೆರಡು ವರ್ಷ ಶಾಲೆಯಲ್ಲಿ ಅವರು ಕಲಿತದ್ದೇನು? ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆದರೆ ಪೂರ್ತಿ ಅಂಕ. ವ್ಯಾಖ್ಯೆಯಲ್ಲಿ ಒಂದು ಪದ ಆಚೀಚೆಯಾದರೆ ಅರ್ಧ ಅಂಕ ಕಟ್. ಪ್ರಾಜೆಕ್ಟ್ ಎಂದರೆ ಎಲ್ಲೆಲ್ಲಿಂದಲೋ ತಂದು ಅಂದವಾಗಿ ಅಂಟಿಸಿ, ರಟ್ಟು ಹಾಕಿ ಕೊಡುವುದು. ‘ಇದನ್ನು ಎಲ್ಲಿಂದ ತಂದೆ?’ ಎಂದು ಯಾರೂ ಕೇಳಿರಲಿಲ್ಲ, ‘ಚೆನ್ನಾಗಿ ಕಲೆಹಾಕಿದ್ದೀಯ’ ಎಂದು ಬೆನ್ನು ತಟ್ಟಿದ್ದರು. ಆಮೇಲೆ ಒಂದು ಬೇಸಿಗೆ ರಜೆ. ವಿಶ್ವವಿದ್ಯಾಲಯದ ಬಾಗಿಲು ದಾಟಿದ ಕೂಡಲೇ ನಿನ್ನೆಯವರೆಗೆ ಜಾಣತನವಾಗಿದ್ದದ್ದು ಅಪರಾಧ. ಈ ನಿಯಮ ಬದಲಾವಣೆಯನ್ನು ತಿಳಿಸಲು ಸಾಮಾನ್ಯವಾಗಿ ಇರುವುದು ಸ್ವಾಗತ ದಿನದ ಒಂದು ಅರ್ಧಗಂಟೆ, ಒಂದು ಸಹಿ ಹಾಕುವ ಹಾಳೆ. ಆ ಹಾಳೆಯಲ್ಲಿ ಏನಿತ್ತೆಂದು ಎರಡು ವಾರ ಬಿಟ್ಟು ಕೇಳಿ ನೋಡಿ.

ಇನ್ನು ಬರೆಯುವ ರಾತ್ರಿ. ನಾಳೆ ಬೆಳಿಗ್ಗೆ ಸಲ್ಲಿಸಬೇಕು, ಬ್ರೌಸರ್‌ನಲ್ಲಿ ಹದಿನಾಲ್ಕು ಟ್ಯಾಬ್ ತೆರೆದಿವೆ. ಒಂದು ವರ್ಡ್ ಫೈಲ್ ಇದೆ, ಅದರ ಹೆಸರು ‘ನೋಟ್ಸ್’. ಸಿಕ್ಕಸಿಕ್ಕಲ್ಲಿಂದ ಪ್ಯಾರಾ ಎತ್ತಿ ಅದರಲ್ಲಿ ಹಾಕುತ್ತಾ ಹೋಗುತ್ತಾರೆ. ಪ್ರತಿ ಪ್ಯಾರಾದ ಕೆಳಗೆ ಲಿಂಕ್ ಅಂಟಿಸಬೇಕು ಎಂದು ಮೊದಲ ಮೂರಕ್ಕೆ ನೆನಪಿರುತ್ತದೆ. ನಡುನಡುವೆ ತಾವೂ ಒಂದೆರಡು ಸಾಲು ಬರೆಯುತ್ತಾರೆ, ಅದೇ ಫಾಂಟಿನಲ್ಲಿ, ಅದೇ ಬಣ್ಣದಲ್ಲಿ. ಮಧ್ಯರಾತ್ರಿ ದಾಟಿದ ಮೇಲೆ ಆ ಫೈಲಿನಲ್ಲಿ ಯಾವುದು ತಂದದ್ದು, ಯಾವುದು ತಮ್ಮದು ಎಂದು ಅವರಿಗೇ ತಿಳಿಯುವುದಿಲ್ಲ. ಬೆಳಗಿನ ಹೊತ್ತಿಗೆ ‘ನೋಟ್ಸ್’ ಫೈಲಿನ ಹೆಸರು ಬದಲಾಗಿ ‘ಅಸೈನ್‌ಮೆಂಟ್ ಫೈನಲ್ 2’ ಆಗಿರುತ್ತದೆ. ಕೃತಿಚೌರ್ಯ ನಡೆದ ಕ್ಷಣ ಯಾವುದು ಎಂದು ಕೇಳಿದರೆ ಅವರಿಗೆ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಅಂಟಿಸಿದ್ದಕ್ಕೆ ಉದ್ಧರಣ ಚಿಹ್ನೆ ಹಾಕದೆ ಮುಂದೆ ಹೋದ ರಾತ್ರಿ ಹತ್ತು ಗಂಟೆಯ ಹೊತ್ತಿಗೇ ಅದು ನಡೆದುಹೋಗಿತ್ತು.

ಇದು ಬರವಣಿಗೆಯ ರೋಗ ಎಂದುಕೊಂಡಿದ್ದೇವೆ. ನನ್ನ ಲೆಕ್ಕದಲ್ಲಿ ರೋಗ ಓದಿನದು. ಇದಕ್ಕೆ ಗಟ್ಟಿ ಆಧಾರ ಹೊವಾರ್ಡ್ ಮತ್ತು ಸಾಂಡ್ರಾ ಜೇಮಿಸನ್ ನಡೆಸಿದ ‘ಸೈಟೇಶನ್ ಪ್ರಾಜೆಕ್ಟ್’. ಅಮೆರಿಕದ 16 ಕಾಲೇಜುಗಳ ಬರವಣಿಗೆ ತರಗತಿಗಳ 174 ಪ್ರಬಂಧಗಳನ್ನು ತೆಗೆದುಕೊಂಡು, ಅವುಗಳಲ್ಲಿದ್ದ 1,911 ಉಲ್ಲೇಖಗಳನ್ನು ಒಂದೊಂದಾಗಿ ಮೂಲದ ಜೊತೆ ಇಟ್ಟು ನೋಡಿದರು. ಸುಮಾರು ಶೇ. 46ರಷ್ಟು ಉಲ್ಲೇಖಗಳು ಆಕರದ ಮೊದಲ ಪುಟದಿಂದಲೇ ಬಂದಿದ್ದವು. ಒಂದು ವಾದವನ್ನು ಅರಗಿಸಿಕೊಂಡು ಸಾರಾಂಶವಾಗಿ ಕೊಟ್ಟ ಉಲ್ಲೇಖಗಳು ನೂರಕ್ಕೆ ಆರರ ಆಸುಪಾಸು. ಉಳಿದ ಕಡೆ ಹೆಚ್ಚಾಗಿ ಲೇಖನದಿಂದ ವಾಕ್ಯ ಹೆಕ್ಕಿದ್ದರು. ಇಲ್ಲಿ ಗಮನಿಸಬೇಕು, ಇವು ಉಲ್ಲೇಖ ಕೊಟ್ಟ ಜಾಗಗಳು. ಅಂದರೆ ‘ಎಲ್ಲಿಂದ ತಂದೆ ಎಂದು ಬರೆ’ ಎಂಬ ಪಾಠ ಒಂದಿಷ್ಟು ಕಲಿತವರದ್ದೂ ಇದೇ ಕಥೆ.

ಮೊದಲ ಪುಟದಾಚೆ ಹೋಗದವರಿಗೆ ತಮ್ಮ ಮಾತಿನಲ್ಲಿ ಹೇಳು ಎಂದರೆ ಏನು ಹೇಳಿಯಾರು? ಪೂರ್ತಿ ಓದಿ, ಪುಸ್ತಕ ಮುಚ್ಚಿ, ಒಳಗೆ ಉಳಿದದ್ದನ್ನು ಹೇಳಿದಾಗ ತಮ್ಮ ಮಾತು ಹುಟ್ಟುತ್ತದೆ. ಒಳಗೆ ಏನೂ ಉಳಿದಿಲ್ಲದಿದ್ದರೆ ಮೂಲದ ವಾಕ್ಯವನ್ನು ಎದುರಿಗೆ ಇಟ್ಟುಕೊಂಡು ಪದ ಬದಲಿಸುವುದೊಂದೇ ದಾರಿ. ಓದಿದ್ದು ಎರಡನೇ ಭಾಷೆಯಲ್ಲಿ, ಬರೆಯಬೇಕಾದ್ದೂ ಎರಡನೇ ಭಾಷೆಯಲ್ಲಿ ಎಂದಾದರಂತೂ ಮೂಲದ ವಾಕ್ಯ ಊರುಗೋಲಾಗುತ್ತದೆ. ಬಿಟ್ಟರೆ ಬೀಳುತ್ತೇನೆ ಎಂಬ ಭಯ.

ಆ ಸವಕಳಿಯ ವಾಕ್ಯ ಅರಗಿದ್ದರೆ ಹೇಗಿರುತ್ತಿತ್ತು? ‘ವರ್ಷಕ್ಕೆ ಎಷ್ಟು ಮಳೆ ಬಿತ್ತು ಎಂದಷ್ಟೇ ನೋಡಿದರೆ ಸವಕಳಿಯ ಲೆಕ್ಕ ತಪ್ಪುತ್ತದೆ. ಹುಲ್ಲು ಗಿಡ ಇಲ್ಲದ ಇಳಿಜಾರಾದರೆ ಒಂದು ಗಂಟೆ ಜೋರು ಮಳೆ ಸಾಕು, ಮೇಲ್ಮಣ್ಣು ಹೋಗುತ್ತದೆ.’ ಇದಕ್ಕೂ ಕೊನೆಯಲ್ಲಿ ಆಕರದ ಹೆಸರು, ವರ್ಷ ಬೇಕೇ ಬೇಕು. ಮಾತು ತನ್ನದಾದರೂ ವಿಚಾರ ಬೇರೆಯವರದು. ‘ನನ್ನ ಸ್ವಂತ ಮಾತಲ್ಲಿ ಬರೆದಿದ್ದೇನಲ್ಲ, ಇನ್ನೂ ಯಾಕೆ ಹೆಸರು ಹಾಕಬೇಕು?’ ಎಂದು ಮೊದಲ ವರ್ಷದಲ್ಲಿ ಕೇಳದವರನ್ನು ನಾನು ಕಂಡಿಲ್ಲ. ಅದು ಪೆದ್ದ ಪ್ರಶ್ನೆಯಲ್ಲ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬುದಕ್ಕೆ ಉಲ್ಲೇಖ ಬೇಡ, ಇದಕ್ಕೆ ಬೇಕು. ಗೆರೆ ಎಲ್ಲಿದೆ? ಒಂದು ವಿಷಯದಲ್ಲಿ ‘ಎಲ್ಲರಿಗೂ ಗೊತ್ತಿರುವುದು’ ಯಾವುದು ಎಂದು ತಿಳಿಯಲು ಆ ವಿಷಯ ಗೊತ್ತಿರಬೇಕು. ಹೊಸಬರಿಗೆ ಎಲ್ಲವೂ ಹೊಸದೇ.

ಈ ಇಡೀ ಸಂಗತಿಯನ್ನು ವಿಶ್ವವಿದ್ಯಾಲಯಗಳು ಈಗ ಒಂದು ಸಂಖ್ಯೆಗೆ ಇಳಿಸಿವೆ. ‘ಪ್ಲೇಜಿಯರಿಸಂ ಎಷ್ಟು ಬಂತು?’ ಎಂದು ಕಾರಿಡಾರಿನಲ್ಲಿ ಕೇಳುವುದು ಜ್ವರ ಎಷ್ಟಿದೆ ಎಂದು ಕೇಳಿದಂತೆ ಆಗಿದೆ. ಆ ಸಂಖ್ಯೆ ಕೊಡುವ ನಕಲು ಪತ್ತೆ ತಂತ್ರಾಂಶ ಮಾಡುವುದು ಏನು? ಬರಹವನ್ನು ಕೆಲವೇ ಪದಗಳ ಸಣ್ಣ ತುಂಡುಗಳಾಗಿ ಕತ್ತರಿಸುತ್ತದೆ, ಒಂದೊಂದು ತುಂಡಿಗೂ ಬೆರಳಚ್ಚಿನಂಥ ಒಂದು ಸಂಖ್ಯೆ ಕೊಡುತ್ತದೆ, ತನ್ನ ಭಂಡಾರದಲ್ಲಿರುವ ಕೋಟ್ಯಂತರ ಪುಟಗಳ ಬೆರಳಚ್ಚಿನ ಜೊತೆ ಹೋಲಿಸುತ್ತದೆ. ಹೊಂದಿದ್ದು ಎಷ್ಟು ಎಂದು ಹೇಳುತ್ತದೆ, ಅಷ್ಟೇ. ಕದ್ದದ್ದೋ, ಉದ್ಧರಿಸಿದ್ದೋ, ಎಲ್ಲರೂ ಹಾಗೇ ಬರೆಯಲೇಬೇಕಾದ ಕಾನೂನಿನ ಹೆಸರೋ ಎಂಬುದು ಅದಕ್ಕೆ ಗೊತ್ತಿಲ್ಲ. ನೆಟ್ಟಗೆ ಉದ್ಧರಣ ಚಿಹ್ನೆ ಹಾಕಿ, ಉದ್ದದ ಗ್ರಂಥಸೂಚಿ ಕೊಟ್ಟ ಹುಡುಗನಿಗೆ ಶೇ. 30 ಬರಬಹುದು. ಬೇರೆ ಭಾಷೆಯ ಲೇಖನವೊಂದನ್ನು ಸಾಲುಸಾಲಾಗಿ ಅನುವಾದಿಸಿ ಕೊಟ್ಟವನಿಗೆ ಸೊನ್ನೆ ಬರಬಹುದು. ಹಣ ಕೊಟ್ಟು ಬರೆಸಿದವನಿಗೂ ಸೊನ್ನೆಯೇ.

ಭಾರತದ ವಿಶ್ವವಿದ್ಯಾಲಯ ಧನಸಹಾಯ ಆಯೋಗ 2018ರಲ್ಲಿ ತಂದ ನಿಯಮಾವಳಿ ಶೇಕಡಾವಾರು ಮೆಟ್ಟಿಲನ್ನೇ ಕಟ್ಟಿತು. ಶೇ. 10ರವರೆಗೆ ದಂಡನೆಯಿಲ್ಲ. ಮೇಲೆ 40ರವರೆಗೆ ಒಂದು, 60ರವರೆಗೆ ಇನ್ನೊಂದು, ಅದನ್ನೂ ಮೀರಿದರೆ ಕೊನೆಯ ಹಂತ. ಉದ್ಧರಣ, ಗ್ರಂಥಸೂಚಿಗಳನ್ನು ಲೆಕ್ಕದಿಂದ ಹೊರಗಿಡಬೇಕು ಎಂದೂ ಅದರಲ್ಲಿದೆ. ಅದು ಮುಖ್ಯವಾಗಿ ಸಂಶೋಧನಾ ಪ್ರಬಂಧಗಳನ್ನು ಕಣ್ಣಮುಂದೆ ಇಟ್ಟುಕೊಂಡದ್ದು. ಆದರೆ ಇಂಥ ಸಂಖ್ಯೆಗಳು ಎಲ್ಲಿ ಹುಟ್ಟಿದರೂ ಕೆಳಗಿನ ತರಗತಿಗಳಿಗೆ ಜಾರಿಕೊಂಡು ಬರುತ್ತವೆ, ಬರುವ ದಾರಿಯಲ್ಲಿ ಷರತ್ತುಗಳು ಉದುರಿ ಸಂಖ್ಯೆ ಮಾತ್ರ ಉಳಿಯುತ್ತದೆ.

ಉಳಿದ ಆ ಸಂಖ್ಯೆ ವಿದ್ಯಾರ್ಥಿಗೆ ಏನು ಕಲಿಸುತ್ತದೆ? ‘ಪರ್ಸೆಂಟೇಜ್ ಇಳಿಸುವುದು’ ಎಂಬ ಹೊಸ ವಿದ್ಯೆಯನ್ನು. ತಂತ್ರಾಂಶ ಕೆಂಪು ಬಳಿದ ಸಾಲಿಗೆ ಹೋಗು, ಪದ ಬದಲಿಸು, ಮತ್ತೆ ಹಾಕಿ ನೋಡು. 34 ಇದ್ದದ್ದು 19, 19 ಇದ್ದದ್ದು 9. ನಮ್ಮ ಹುಡುಗಿಯ ‘ಹರಿದ್ವರ್ಣ’ ಹುಟ್ಟಿದ್ದು ಹೀಗೇ. ಮೂಲ ಲೇಖಕನಿಂದ ತಪ್ಪಿಸಿಕೊಳ್ಳಲು ಅಲ್ಲ, ಯಂತ್ರದಿಂದ ತಪ್ಪಿಸಿಕೊಳ್ಳಲು. ತೇಪೆ ಬರಹವನ್ನು ತಡೆಯಲು ತಂದ ಸಾಧನ ತೇಪೆ ಹಾಕುವುದಕ್ಕೆ ತರಬೇತಿ ಕೊಡುತ್ತಿದೆ. ಪದ ಬದಲಿಸಿಕೊಡುವ ತಂತ್ರಾಂಶಗಳು ಬಂದ ಮೇಲೆ ಈ ಕೆಲಸಕ್ಕೆ ಸಂಜೆಯೂ ಬೇಡ, ನಿಮಿಷ ಸಾಕು. ಇದರ ತುದಿ ಎಲ್ಲಿದೆ ಎಂದು 2021ರಲ್ಲಿ ಫ್ರಾನ್ಸಿನ ಕಂಪ್ಯೂಟರ್ ವಿಜ್ಞಾನಿ ಗಿಯೋಮ್ ಕಬಾನಾಕ್ ಮತ್ತು ಸಂಗಡಿಗರು ತೋರಿಸಿದರು. ಅವರಿಗೆ ಸಿಕ್ಕಿದ್ದು ವಿದ್ಯಾರ್ಥಿಗಳ ಅಸೈನ್‌ಮೆಂಟ್‌ಗಳಲ್ಲ, ಪ್ರಕಟವಾದ ವಿಜ್ಞಾನ ಪ್ರಬಂಧಗಳು. ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಇರಬೇಕಾದಲ್ಲಿ ‘ಕೌಂಟರ್‌ಫಿಟ್ ಕಾನ್ಷಿಯಸ್‌ನೆಸ್’, ಅಂದರೆ ಖೋಟಾ ಪ್ರಜ್ಞೆ. ‘ಬ್ರೆಸ್ಟ್ ಕ್ಯಾನ್ಸರ್’ ಇರಬೇಕಾದಲ್ಲಿ ‘ಬೂಸಮ್ ಪೆರಿಲ್’, ಎದೆಯ ಗಂಡಾಂತರ! ಇಂಥವನ್ನು ಅವರು ‘ಹಿಂಸೆಗೊಳಗಾದ ಪದಗುಚ್ಛಗಳು’ ಎಂದು ಕರೆದರು. ನಮ್ಮ ಹರಿದ್ವರ್ಣವೂ ಅದೇ ಬಳಗ.

ಪ್ರೋಗ್ರಾಮಿಂಗ್ ತರಗತಿಯ ಕಥೆ ಸ್ವಲ್ಪ ಬೇರೆ. ಅಲ್ಲಿ ಗೆಳೆಯನ ಕೋಡ್ ತೆಗೆದುಕೊಂಡು ವೇರಿಯಬಲ್‌ಗಳ ಹೆಸರು ಬದಲಿಸುವುದು ರೂಢಿ. ಅಲೆಕ್ಸ್ ಐಕನ್ 1994ರಲ್ಲಿ ಕಟ್ಟಿದ ‘ಮಾಸ್’ ಎಂಬ ತಂತ್ರಾಂಶ ಹೆಸರುಗಳನ್ನು ಬದಿಗಿಟ್ಟು ಕೋಡಿನ ರಚನೆಯನ್ನೇ ಹೋಲಿಸುವುದರಿಂದ ಆ ಉಪಾಯ ನಡೆಯುವುದಿಲ್ಲ. ಆದರೆ ಅಲ್ಲೂ ‘ಜೊತೆ ಕೂತು ಚರ್ಚಿಸಿ’ ಎಂದವರೂ ‘ಒಬ್ಬರದ್ದೊಬ್ಬರು ನೋಡಬೇಡಿ’ ಎಂದವರೂ ಒಬ್ಬರೇ ಮೇಷ್ಟ್ರು ಆಗಿರುತ್ತಾರೆ.

ಈಗ ಬಾಕಿ ಇಟ್ಟ ಕಾಲು ಪಾಲು. ಮೊದಲ ವರ್ಷದಲ್ಲೂ ಗೊತ್ತಿದ್ದೇ ಮೋಸ ಮಾಡುವವರು ಇದ್ದಾರೆ. ಸೀನಿಯರ್‌ನ ಫೈಲಿಗೆ ತನ್ನ ಹೆಸರು ಹಾಕಿ ಕೊಡುವವನು, ಬರೆದುಕೊಡುವ ಕಂಪನಿಗೆ ಹಣ ಕಟ್ಟುವವನು ‘ಕಲಿಯುವ ಹಂತ’ದಲ್ಲಿ ಇಲ್ಲ. ಅಂಥ ಬರಹದ ಮಾರಾಟವನ್ನು ಆಸ್ಟ್ರೇಲಿಯಾ 2020ರಲ್ಲಿ, ಇಂಗ್ಲೆಂಡ್ 2022ರಲ್ಲಿ ಕಾನೂನಿನ ಮೂಲಕ ನಿಷೇಧಿಸಿದವು, ಸರಿಯಾದದ್ದೇ. ಇವರನ್ನೂ ತೇಪೆ ಹಾಕಿದವಳನ್ನೂ ಒಂದೇ ಶಿಸ್ತು ಸಮಿತಿಯ ಮುಂದೆ, ಒಂದೇ ಫಾರಂ ತುಂಬಿಸಿ ನಿಲ್ಲಿಸುವುದು ಮಾತ್ರ ಸೋಮಾರಿತನ. ಅದರಲ್ಲೂ ಹೆಚ್ಚಾಗಿ ಸಿಕ್ಕಿಬೀಳುವುದು ಯಾರು? ತೇಪೆ ಹಾಕಿದವಳು. ಹಣ ಕೊಟ್ಟವನ ಬರಹದಲ್ಲಿ ಕೆಂಪು ಗೆರೆಯೇ ಬರುವುದಿಲ್ಲ.

2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂತು, ಹಣ ಕೊಡುವ ಕೆಲಸವೂ ತಪ್ಪಿತು. ಹೊಸ ಬರಹವನ್ನೇ ಹುಟ್ಟಿಸಿಕೊಡುವುದರಿಂದ ಹೊಂದಿಕೆ ಹುಡುಕುವ ಹಳೆಯ ತಂತ್ರಾಂಶಕ್ಕೆ ಕಾಣುವುದೇನೂ ಇಲ್ಲ. ಆಗ ಬಂದವು ‘ಇದು ಎಐ ಬರೆದದ್ದೇ’ ಎಂದು ಊಹಿಸುವ ಸಾಧನಗಳು. ಹಳೆಯದು ಕನಿಷ್ಠ ‘ನೋಡು, ಇಲ್ಲಿಂದ ತೆಗೆದಿದ್ದಾರೆ’ ಎಂದು ಮೂಲ ತೋರಿಸುತ್ತಿತ್ತು. ಹೊಸದು ಸಂಭವನೀಯತೆ ಹೇಳುತ್ತದೆ, ತೋರಿಸಲು ಮೂಲವೇ ಇಲ್ಲ. ಚಾಟ್‌ಜಿಪಿಟಿ ಕಟ್ಟಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಬಿಟ್ಟ ಪತ್ತೆ ಸಾಧನ ಎಐ ಬರಹದಲ್ಲಿ ಶೇ. 26ರಷ್ಟನ್ನು ಮಾತ್ರ ಹಿಡಿಯುತ್ತಿತ್ತು, ಮನುಷ್ಯರು ಬರೆದದ್ದರಲ್ಲಿ ಶೇ. 9ರಷ್ಟನ್ನು ತಪ್ಪಾಗಿ ಎಐ ಎನ್ನುತ್ತಿತ್ತು. ಅದೇ ವರ್ಷದ ಜುಲೈನಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಸ್ಟ್ಯಾನ್‌ಫರ್ಡ್ ಸಂಶೋಧಕರು ಅದೇ ವರ್ಷ ಏಳು ಪತ್ತೆ ಸಾಧನಗಳಿಗೆ ಟೋಫೆಲ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯ 91 ಪ್ರಬಂಧಗಳನ್ನು ಕೊಟ್ಟು ನೋಡಿದರು. ಅವು ಇಂಗ್ಲಿಷ್ ತಾಯ್ನುಡಿಯಲ್ಲದವರು ಸ್ವತಃ ಬರೆದವು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳಿಗೆ ಎಐ ಎಂಬ ಮುದ್ರೆ ಬಿತ್ತು. ಕಾರಣ ಅರ್ಥವಾಗುವಂಥದ್ದೇ: ಭಾಷೆ ಇನ್ನೂ ಕೈಗೆ ಬರದವರು ಗೊತ್ತಿರುವ ಪದಗಳನ್ನೇ, ಕಲಿತ ವಾಕ್ಯದ ಅಚ್ಚಿನಲ್ಲೇ ಬರೆಯುತ್ತಾರೆ. ಯಂತ್ರದ ಕಣ್ಣಿಗೆ ಅದು ಯಂತ್ರದ ಬರಹದ ಹಾಗೆ ಕಾಣುತ್ತದೆ.

ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ 2023ರ ಆಗಸ್ಟ್‌ನಲ್ಲಿ ನಕಲು ಪತ್ತೆ ತಂತ್ರಾಂಶ ಮಾರುವ ಟರ್ನಿಟಿನ್ ಕಂಪನಿಯ ಎಐ ಪತ್ತೆ ಸೌಲಭ್ಯವನ್ನು ಆರಿಸಿಬಿಟ್ಟಿತು. ಅವರು ಕೊಟ್ಟ ಲೆಕ್ಕ ಮೂರನೇ ತರಗತಿಯ ಗಣಿತ. ತಪ್ಪು ಆರೋಪ ಶೇ. 1 ಮಾತ್ರ ಎಂದು ಕಂಪನಿ ಹೇಳುತ್ತದೆ. ಹಿಂದಿನ ವರ್ಷ ವಿಶ್ವವಿದ್ಯಾಲಯ ಟರ್ನಿಟಿನ್‌ಗೆ ಹಾಕಿದ್ದು 75,000 ಪ್ರಬಂಧ. ಅಂದರೆ ಎಐ ಪತ್ತೆ ಆಗಲೇ ಇದ್ದಿದ್ದರೆ ಸುಮಾರು 750 ಪ್ರಬಂಧಗಳ ಮೇಲೆ ಸುಳ್ಳು ಆರೋಪ. ಊರೆಲ್ಲ ತಲೆದೂಗಿದ ಆ ‘ಒಂದು ಪರ್ಸೆಂಟ್’ ಒಳಗೆ ಏಳುನೂರೈವತ್ತು ಪ್ರಬಂಧಗಳಿವೆ ಎಂದು ಎಣಿಸಿ ನೋಡಿದವರು ಕಡಿಮೆ.

ಹಾಗಾದರೆ ಮಾಡಬೇಕಾದ್ದೇನು ಎಂಬುದಕ್ಕೆ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಅರ್ಥಶಾಸ್ತ್ರಜ್ಞರಾದ ಥಾಮಸ್ ಡೀ ಮತ್ತು ಬ್ರಯಾನ್ ಜೇಕಬ್ 2010ರಲ್ಲಿ ಹೊರತಂದದ್ದು. ಒಂದು ಕಾಲೇಜಿನ ಕೆಲವು ತರಗತಿಗಳಿಗೆ, ಲಾಟರಿ ಎತ್ತಿದ ಹಾಗೆ ಆರಿಸಿ, ನಕಲು ಎಂದರೇನು, ಅದನ್ನು ತಪ್ಪಿಸಿ ಬರೆಯುವುದು ಹೇಗೆ ಎಂಬ ಚಿಕ್ಕ ಆನ್‌ಲೈನ್ ಪಾಠ ಕೊಟ್ಟರು. ಉಳಿದ ತರಗತಿಗಳಿಗೆ ಏನೂ ಇಲ್ಲ. 1,200ಕ್ಕೂ ಹೆಚ್ಚು ಪ್ರಬಂಧಗಳನ್ನು ನೋಡಿದಾಗ ಪಾಠ ಸಿಕ್ಕವರಲ್ಲಿ ನಕಲು ಸುಮಾರು ಎರಡು ಶೇಕಡಾ ಅಂಶದಷ್ಟು ಇಳಿದಿತ್ತು. ಎರಡೇ ಅಲ್ಲವೇ ಎನ್ನಬೇಡಿ, ಅಲ್ಲಿ ಒಟ್ಟು ನಕಲಿದ್ದದ್ದೇ ಬೆರಳೆಣಿಕೆಯಷ್ಟು. ಪ್ರವೇಶ ಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆದವರಲ್ಲಿ ಇಳಿಕೆ ಹೆಚ್ಚು. ಸಿಕ್ಕಿಬೀಳುತ್ತೇವೆ ಎಂಬ ಭಯ ಪಾಠದಿಂದ ಹೆಚ್ಚಿರಲಿಲ್ಲ. ಹೇಗೆ ಬರೆಯಬೇಕು ಎಂಬ ತಿಳಿವಳಿಕೆ ಹೆಚ್ಚಿತ್ತು.

ಇದರ ಮುಂದಿನ ಹೆಜ್ಜೆಗಳು ಹೊಸವೇನಲ್ಲ, ದುಬಾರಿ ಅಷ್ಟೇ. ದುಡ್ಡಿನಲ್ಲಿ ಅಲ್ಲ, ಮೇಷ್ಟ್ರ ಸಮಯದಲ್ಲಿ. ಆರು ಪುಟ ಒಂದೇ ಸಲ ಕೇಳುವ ಬದಲು ಮೊದಲ ವಾರ ಒಂದೇ ಆಕರ ಕೊಟ್ಟು ಐದು ಸಾಲಿನ ಸಾರಾಂಶ ಕೇಳಬಹುದು. ಕರಡನ್ನು ಅಂಕವಿಲ್ಲದೆ ನೋಡಿಕೊಡಬಹುದು. ಹೊಂದಿಕೆಯ ರಿಪೋರ್ಟನ್ನು ಸಲ್ಲಿಸುವ ಮೊದಲೇ ವಿದ್ಯಾರ್ಥಿಯ ಜೊತೆ ಕೂತು ಓದಬಹುದು, ಕೆಂಪು ಸಾಲು ಯಾಕೆ ಕೆಂಪಾಯಿತು ಎಂದು. ಇನ್ನೂರು ಮಂದಿಯ ತರಗತಿಗೆ ಒಬ್ಬರೇ ಪಾಠ ಮಾಡುವಲ್ಲಿ ಇದೆಲ್ಲ ಹೇಗೆ ಎಂದರೆ ನನ್ನ ಬಳಿ ಉತ್ತರವಿಲ್ಲ. ಆ ಸಮಯ ಇಲ್ಲದ್ದರಿಂದಲೇ ಸಂಖ್ಯೆಗೆ ಇಷ್ಟು ಬೆಲೆ ಬಂದದ್ದು ಎಂಬುದಂತೂ ನಿಜ.

ಆ ಹುಡುಗಿಯನ್ನು ಕರೆದೆ. ಶಿಕ್ಷೆ ಎಂದುಕೊಂಡು ಬಂದವಳ ಮುಖ ಬಿಳಿಚಿತ್ತು. ಲ್ಯಾಪ್‌ಟಾಪ್ ಮುಚ್ಚು ಎಂದೆ, ಹಾಳೆಯನ್ನು ಬೋರಲು ಹಾಕಿದೆ. ‘ಮಣ್ಣು ಯಾಕೆ ಕೊಚ್ಚಿಹೋಗುತ್ತೆ, ಹೇಳು.’

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಮಳೆ ಎಷ್ಟು ಬಂತು ಅನ್ನೋದಕ್ಕಿಂತ ಎಷ್ಟು ಜೋರಾಗಿ ಬಂತು ಅನ್ನೋದು ಮುಖ್ಯ ಸಾರ್. ಗಿಡದ ಬೇರು ಮಣ್ಣನ್ನ ಹಿಡ್ಕೊಂಡಿರುತ್ತೆ. ಎಲೆ ಇದ್ರೆ ಹನಿ ಸೀದಾ ನೆಲಕ್ಕೆ ಹೊಡೆಯಲ್ಲ. ಅವೆರಡೂ ಇಲ್ಲ ಅಂದ್ರೆ, ಇಳಿಜಾರು ಬೇರೆ ಇದ್ರೆ, ಹೋಯ್ತು’ ಎಂದಳು. ಬೇರು, ಎಲೆಯ ಮಾತು ಆ ಮೂಲದ ವಾಕ್ಯದಲ್ಲೇ ಇರಲಿಲ್ಲ.

‘ಇದನ್ನೇ ಬರೀಬಹುದಿತ್ತಲ್ಲ?’

ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ‘ಹೀಗೆ ಬರೆದ್ರೆ ಮಾರ್ಕ್ಸ್ ಕೊಡ್ತಾರಾ ಸಾರ್?’